ಕಾಲಕ್ಕೆ ಎಡ ಯಾವುದು? ಬನಹಟ್ಟಿಯ ಹಾರ್ಮೋನಿಯಂ ಮಾಸ್ತರರು ಧ್ವನಿಮುದ್ರಣ ಕಲಿತ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ ಬಸ್ ಇಳಿದರೆ ಮೊದಲು ಎದುರಾಗುವುದು ಪವರ್‌ಲೂಮ್ ಮಗ್ಗಗಳ ಸದ್ದು. ಹುಟ್ಟಿನಿಂದ ಕಣ್ಣು ಕಾಣದ ನನಗೆ ಆ ಸದ್ದೇ ದಾರಿಯ ಗುರುತು. ಮೂರನೆಯ ಮಗ್ಗದ ಮನೆ ದಾಟಿ ಬಲಕ್ಕೆ ಹೊರಳಿದರೆ ಮಾಸ್ತರರ ಮನೆ. ಕಳೆದ ವರ್ಷ ಯುಗಾದಿಯ ನಂತರ ಶುರುಮಾಡಿ ದಸರೆಯ ತನಕ ಇಪ್ಪತ್ತೊಂದು ಭಾನುವಾರ ವಿಜಯಪುರದಿಂದ ಆ ಮನೆಗೆ ಹೋಗಿ ಬಂದೆ. ಅಂಧರಿಗೆ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಆದರೆ ಈ ಒಬ್ಬ ವಿದ್ಯಾರ್ಥಿಯ ವಿಷಯದಲ್ಲಿ ನನ್ನ ಕಲಿಸುವ ಕ್ರಮ ಮೊದಲ ತಿಂಗಳು ಪೂರ್ತಿ ತಪ್ಪಾಗಿತ್ತು. ಅದು ಎಲ್ಲಿ ತಪ್ಪಿತು, ಹೇಗೆ ಸರಿಹೋಯಿತು ಎಂಬುದನ್ನು ಇದೇ ಕೆಲಸದಲ್ಲಿರುವ ಇತರರಿಗೆ ತಿಳಿಸಲೇಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮಾಸ್ತರರ ವಯಸ್ಸು ಐವತ್ತೆರಡು. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಆರನೆಯ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತು. ಉತ್ತರ ಕರ್ನಾಟಕದ ಎಷ್ಟೋ ಅಂಧ ಮಕ್ಕಳಂತೆ ಇವರೂ ಗದುಗಿನ ವೀರೇಶ್ವರ ಪುಣ್ಯಾಶ್ರಮ ಸೇರಿದರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು, ಇಬ್ಬರೂ ಸ್ವತಃ ಕಣ್ಣು ಕಾಣದವರು, ಕಟ್ಟಿ ಬೆಳೆಸಿದ ಪರಂಪರೆ ಅದು. ಅಲ್ಲಿ ಒಂಬತ್ತು ವರ್ಷ ಕಲಿತು ಹೊರಬಂದ ಮಾಸ್ತರರು ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿದರು. ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಸಾಲಾಗಿ ಟೆಂಟು ಹಾಕಿದಾಗ ರಾತ್ರಿಯಿಡೀ ಬೆರಳು ಆಡಿಸಿದ ಅನುಭವ ಅವರದು. ಈಗ ಊರಿನ ಮಕ್ಕಳಿಗೆ ಪಾಠ ಹೇಳುತ್ತಾರೆ, ಶ್ರಾವಣದಲ್ಲಿ ಪುರಾಣಕ್ಕೆ ಸಾಥಿ ಕೊಡುತ್ತಾರೆ.

ಅವರಿಗೆ ಧ್ವನಿಮುದ್ರಣ ಏಕೆ ಬೇಕಾಗಿತ್ತು? ಎಂಬತ್ತು ದಾಟಿದ ಅವರ ತಾಯಿ, ಜೀವಮಾನವಿಡೀ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ತತ್ವಪದ ಹಾಡಿದವರು. ಶಿಶುನಾಳ ಶರೀಫರ ಪದಗಳು, ನಿಜಗುಣ ಶಿವಯೋಗಿಗಳ ಪದಗಳು. ಪದಗಳೇನೋ ಪುಸ್ತಕದಲ್ಲಿ ಸಿಗುತ್ತವೆ. ಆದರೆ ಆ ಓಣಿಯ ಹೆಣ್ಣುಮಕ್ಕಳು ಹಾಡುತ್ತಿದ್ದ ಧಾಟಿ ಈಗ ಉಳಿದಿರುವುದು ತಾಯಿಯ ಗಂಟಲಲ್ಲಿ, ಮಗನ ಬೆರಳಲ್ಲಿ. ಹತ್ತು ವರ್ಷಗಳ ಹಿಂದೆ ಒಂದು ದೊಡ್ಡ ಊರಿನ ಸ್ಟುಡಿಯೋಕ್ಕೆ ಹೋಗಿ ಮಾಸ್ತರರು ಕೆಲವು ಪದಗಳನ್ನು ಹಾಡಿ ಬಂದಿದ್ದರು. ಸಿ.ಡಿ. ಮನೆಗೆ ಬಂದಾಗ ಪ್ರತಿ ಪದದ ಮುಂದಿನ ಆಲಾಪ ಮಾಯವಾಗಿತ್ತು, ನುಡಿ ನುಡಿಗಳ ನಡುವಿನ ಬಿಡುವನ್ನು ಕತ್ತರಿಸಿ ಒತ್ತಾಗಿ ಜೋಡಿಸಲಾಗಿತ್ತು. ಅಲ್ಲಿ ಕುಳಿತಿದ್ದಾಗ ಪರದೆಯ ಮೇಲೆ ಏನು ನಡೆಯುತ್ತಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. "ನನ್ನ ಹಾಡನ್ನು ನಾನೇ ಕೈಯಿಂದ ತಡವಿ ನೋಡುವಂತಾಗಬೇಕು" ಎಂದು ಮೊದಲ ದಿನವೇ ನನಗೆ ಹೇಳಿದರು. ಇಡೀ ಪ್ರಕರಣದ ಗುರಿ ಇಷ್ಟೇ.

ಯಾವ ಸಾಧನ, ಏಕೆ

ನಾನು ಆರಿಸಿದ್ದು ಮೂರು ತಂತ್ರಾಂಶಗಳನ್ನು. ಪರದೆಯನ್ನು ಓದಿ ಹೇಳಲು ಎನ್‌ವಿಡಿಎ, ಧ್ವನಿಮುದ್ರಣಕ್ಕೆ ರೀಪರ್, ಅವೆರಡರ ನಡುವೆ ಮಾತಿನ ಸೇತುವೆ ಹಾಕಲು ಒಸಾರ.

ಎನ್‌ವಿಡಿಎ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಉಚಿತ ಸ್ಕ್ರೀನ್ ರೀಡರ್. ಅದನ್ನು ಬೆಳೆಸಿದ ಮೈಕಲ್ ಕರನ್ ಮತ್ತು ಜೇಮ್ಸ್ ಟೆ ಇಬ್ಬರೂ ಅಂಧರು, ಬಾಲ್ಯದಲ್ಲಿ ಅವರು ಪರಸ್ಪರ ಪರಿಚಯವಾದದ್ದು ಒಂದು ಸಂಗೀತ ಶಿಬಿರದಲ್ಲಿ. ಒಸಾರವನ್ನು ಶುರುಮಾಡಿದವರೂ ಇದೇ ಜೇಮ್ಸ್ ಟೆ. ಇದನ್ನು ಹೇಳಿದಾಗ ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಲೂಯಿ ಬ್ರೈಲ್ ಕೂಡ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರಲ್ಲವೇ ಎಂದರು. ಹೌದು. 1829ರಲ್ಲಿ ಬ್ರೈಲ್ ಪ್ರಕಟಿಸಿದ ಮೊದಲ ಪುಸ್ತಕದಲ್ಲಿಯೇ ಅಕ್ಷರದ ಜೊತೆಗೆ ಸಂಗೀತವನ್ನೂ ಚುಕ್ಕೆಗಳಲ್ಲಿ ಬರೆಯುವ ವಿಧಾನವಿತ್ತು. ಕಣ್ಣು ಕಾಣದವರ ಸಾಧನಗಳ ಇತಿಹಾಸದಲ್ಲಿ ಸಂಗೀತಗಾರರು ಮತ್ತೆ ಮತ್ತೆ ಬಂದು ನಿಲ್ಲುತ್ತಾರೆ.

ರೀಪರ್ ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶ. ಅರವತ್ತು ದಿನ ಬಳಸಿ ನೋಡಿದ ಮೇಲೆ ವೈಯಕ್ತಿಕ ಪರವಾನಗಿಗೆ 60 ಡಾಲರ್, ಅಂದರೆ ಸುಮಾರು ಐದು ಸಾವಿರ ರೂಪಾಯಿ. ಒಸಾರ ಉಚಿತ. ಆಡಾಸಿಟಿ ಎಂಬ ಇನ್ನೊಂದು ಮುದ್ರಣ ತಂತ್ರಾಂಶವನ್ನೂ ಎನ್‌ವಿಡಿಎ ಜೊತೆ ಬಳಸಬಹುದು, ಬರೀ ಒಂದು ಧ್ವನಿಯನ್ನು ಮುದ್ರಿಸಿ ತಿದ್ದುವವರಿಗೆ ನಾನು ಅದನ್ನೇ ಹೇಳುತ್ತೇನೆ. ಇಲ್ಲಿ ಹಾರ್ಮೋನಿಯಂ, ತಬಲಾ, ತಾಳ, ಹಾಡು ಎಲ್ಲ ಬೇರೆ ಬೇರೆಯಾಗಿ ಕೈಗೆ ಸಿಗಬೇಕಾಗಿತ್ತು. ಮಾಸ್ತರರ ಸಂಬಂಧಿಯೊಬ್ಬ ಮೊದಲೇ ಲ್ಯಾಪ್‌ಟಾಪಿಗೆ ಬೇರೊಂದು ತಂತ್ರಾಂಶ ಹಾಕಿಕೊಟ್ಟಿದ್ದ. ಅದರ ಗುಂಡಿಗಳೆಲ್ಲ ಬರೀ ಚಿತ್ರಗಳು. ಅಲ್ಲಿ ಎನ್‌ವಿಡಿಎಗೆ ಓದಲು ಏನೂ ಸಿಗುತ್ತಿರಲಿಲ್ಲ.

ನನ್ನ ತಪ್ಪು

ಮೊದಲ ಭಾನುವಾರ ನಾನು ನಲವತ್ತು ಕೀಲಿಗಳ ಪಟ್ಟಿ ಕೊಟ್ಟೆ. ಕಂಟ್ರೋಲ್ ಜೊತೆ ಟಿ ಒತ್ತಿದರೆ ಹೊಸ ಟ್ರ್ಯಾಕ್, ಸ್ಪೇಸ್ ಒತ್ತಿದರೆ ನುಡಿಸು ಅಥವಾ ನಿಲ್ಲಿಸು, ಎಫ್ 5 ಒತ್ತಿದರೆ ಮ್ಯೂಟ್, ಎಫ್ 6ಕ್ಕೆ ಸೋಲೊ, ಎಫ್ 7ಕ್ಕೆ ಮುದ್ರಣಕ್ಕೆ ಸಿದ್ಧ, ಎಸ್ ಒತ್ತಿದರೆ ಕತ್ತರಿಸು. ಮಾಸ್ತರರು ಅದನ್ನು ಬ್ರೈಲ್ ಸ್ಲೇಟಿನಲ್ಲಿ ಬರೆದುಕೊಂಡು ಒಂದೇ ವಾರದಲ್ಲಿ ಬಾಯಿಪಾಠ ಮಾಡಿದರು. ನಡುವೆ ಎಲ್ಲಿಂದ ಕೇಳಿದರೂ ಹೇಳುತ್ತಿದ್ದರು. ಆದರೆ ಒಂದು ಸಾಲು ಹಾಡಿ ಮುದ್ರಿಸಿ ಎಂದರೆ ಕೈ ನಿಂತುಬಿಡುತ್ತಿತ್ತು.

ನನಗೆ ಸಂಗೀತ ಕೇಳಿ ಸಂತೋಷಪಡುವುದು ಗೊತ್ತು, ಸ್ವರ ಗುರುತಿಸಲು ಬಾರದು. ನಾನು ರೀಪರ್ ಕಲಿತದ್ದು ಕಣ್ಣಿದ್ದವರು ಬರೆದ ಪಾಠಗಳಿಂದ. ಅವರ ಚಿತ್ರವನ್ನೇ ಮಾತಿನಲ್ಲಿ ಮಾಸ್ತರರಿಗೆ ದಾಟಿಸುತ್ತಿದ್ದೆ. "ಕಾಲ ಎಡದಿಂದ ಬಲಕ್ಕೆ ಹರಿಯುತ್ತದೆ, ಟ್ರ್ಯಾಕುಗಳು ಮೇಲಿನಿಂದ ಕೆಳಕ್ಕೆ ಇರುತ್ತವೆ" ಎಂದು ಹೇಳಿದ್ದೆ. ನಾಲ್ಕನೆಯ ವಾರ ಅವರು ಬಹಳ ವಿನಯದಿಂದ ಕೇಳಿದರು: "ಸರ್, ಕಾಲಕ್ಕೆ ಎಡ ಯಾವುದು?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ವಿಜಯಪುರಕ್ಕೆ ಮರಳುವ ಬಸ್ಸಿನಲ್ಲಿ ಜಮಖಂಡಿ ದಾಟುವವರೆಗೂ ಅದನ್ನೇ ಯೋಚಿಸಿದೆ. ಹಾಡುವವನಿಗೆ ಕಾಲ ಗೆರೆಯಲ್ಲ. ಅದು ಸುತ್ತು. ಹೊರಟಲ್ಲಿಗೇ, ತಾಳದ ಮೊದಲ ಮಾತ್ರೆಯಾದ ಸಮಕ್ಕೇ ಬಂದು ಸೇರುವ ಸುತ್ತು. ನಾನು ಒಬ್ಬ ತಾಳಗಾರನಿಗೆ ಗೆರೆಯನ್ನು ಕಲಿಸುತ್ತಿದ್ದೆ.

ಮುಂದಿನ ವಾರ ಪಟ್ಟಿಯನ್ನು ಬದಿಗಿಟ್ಟೆವು. ನಾಟಕ ಕಂಪನಿಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂದು ಕೇಳಿದೆ. ಹಾರ್ಮೋನಿಯಂ ಇಲ್ಲಿ, ತಬಲಾ ಪಕ್ಕದಲ್ಲಿ, ಕ್ಯಾಸಿಯೊ ಹಿಂದೆ ಎಂದರು. ಹಾಗಾದರೆ ಟ್ರ್ಯಾಕ್ ಎಂದರೆ ಒಬ್ಬ ವಾದಕ ಕೂರುವ ಜಾಗ. ಎಫ್ 7 ಎಂದರೆ ಅವನ ಮುಂದಿನ ಮೈಕ್ ತೆರೆಯುವುದು. ಸೋಲೊ ಎಂದರೆ ಉಳಿದವರೆಲ್ಲ ಕೈಬಿಟ್ಟು ಅವನೊಬ್ಬನನ್ನೇ ಕೇಳುವುದು. ಮೇಲಿನ ಬಾಣ, ಕೆಳಗಿನ ಬಾಣ ಒತ್ತಿದರೆ ಒಬ್ಬ ವಾದಕನಿಂದ ಇನ್ನೊಬ್ಬನ ಬಳಿಗೆ ಹೋದಂತೆ. ಅರ್ಧ ಗಂಟೆಯಲ್ಲಿ ಅವರು ನಾಲ್ಕು ಟ್ರ್ಯಾಕ್ ಮಾಡಿ, ಪ್ರತಿಯೊಂದಕ್ಕೂ ಹೆಸರಿಟ್ಟು, ಮೊದಲ ಟ್ರ್ಯಾಕಿನಲ್ಲಿ ಶ್ರುತಿ ಹಿಡಿದು ಮುದ್ರಿಸಿದರು. ಅವರ ಶ್ರುತಿ ಕರಿ ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆ.

ಆಮೇಲೆ ತಾಳಕ್ಕೆ ಬಂದೆವು. ರೀಪರ್‌ನಲ್ಲಿ ಕಾಲವನ್ನು ಸೆಕೆಂಡಿನಲ್ಲೂ ಅಳೆಯಬಹುದು, ಬಾರ್ ಮತ್ತು ಬೀಟ್ ಲೆಕ್ಕದಲ್ಲೂ ಅಳೆಯಬಹುದು. ಒಂದು ಬಾರಿಗೆ ಎಷ್ಟು ಬೀಟ್ ಎಂಬುದು ನಮ್ಮ ಕೈಯಲ್ಲೇ ಇದೆ. ಏಳು ಎಂದು ಇಟ್ಟರೆ ರೂಪಕ, ಎಂಟು ಎಂದರೆ ಕೇರವಾ ಅಥವಾ ಭಜನಿ ಠೇಕಾ, ಹದಿನಾರು ಎಂದರೆ ತೀನ್‌ತಾಳ. ಪೇಜ್ ಡೌನ್ ಒತ್ತಿದರೆ ಒಂದು ಬಾರ್ ಮುಂದೆ, ಅಂದರೆ ಒಂದು ಆವರ್ತನ, ತಾಳದ ಒಂದು ಪೂರ್ತಿ ಸುತ್ತು. ಒಸಾರ "ಬಾರ್ 3, ಬೀಟ್ 5" ಎಂದು ಹೇಳಿದರೆ ಮೂರನೆಯ ಆವರ್ತನದ ಐದನೆಯ ಮಾತ್ರೆ. ಎರಡು ಬೀಟ್‌ಗಳ ನಡುವೆ ನಿಂತಿದ್ದರೆ ಶೇಕಡಾವಾರು ಲೆಕ್ಕವನ್ನೂ ಹೇಳುತ್ತದೆ. ರೂಪಕಕ್ಕೆ ಏಳು ಎಂದು ಇಟ್ಟು ಕೀಲಿಮಣೆಯನ್ನು ಅವರ ಕೈಗೆ ಕೊಟ್ಟೆ. ಅವರು ಒತ್ತುತ್ತ ಹೋದರು, ಬಾಯಲ್ಲಿ ತೀ ತೀ ನಾ ಎಂದು ಠೇಕಾ ಹಿಡಿದರು. ಎರಡನೆಯ ನುಡಿಯಲ್ಲಿ ತಾವು ಎಡವಿದ ಜಾಗವನ್ನು ತಾವಾಗಿಯೇ ಹುಡುಕಿ, "ಹನ್ನೊಂದನೆಯ ಆವರ್ತನ, ನಾಲ್ಕನೆಯ ಮಾತ್ರೆ, ಇಲ್ಲಿ ಗಾಂಧಾರ ಇಳಿದಿದೆ" ಎಂದರು. ನನಗೆ ಏನೂ ಇಳಿದಂತೆ ಕೇಳಿಸಿರಲಿಲ್ಲ. ಆ ಹೊತ್ತಿನಿಂದ ಅವರು ನನಗಿಂತ ಮುಂದೆ ಹೋದರು.

ಕಂಪ್ಯೂಟರ್ ಮೂಕವಾದ ದಿನ

ಜೇಷ್ಠದಲ್ಲಿ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆ, ಒಂದು ಡೈನಮಿಕ್ ಮೈಕ್, ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್ ತರಿಸಿದೆವು. ಪೆಟ್ಟಿಗೆ ಬಂದ ಮರುದಿನ ಮಾಸ್ತರರು ಒಬ್ಬರೇ ಇದ್ದಾಗ ಅದನ್ನು ಜೋಡಿಸಿ ರೀಪರ್ ತೆರೆದರು. ಎನ್‌ವಿಡಿಎ ಮಾತು ನಿಲ್ಲಿಸಿತು. ಕಣ್ಣಿದ್ದವರಿಗೆ ಇದು ಸಣ್ಣ ಸಂಗತಿ. ನಮಗೆ, ಮಾತು ನಿಂತ ಕಂಪ್ಯೂಟರ್ ಎಂದರೆ ಬಾಗಿಲು, ಕಿಟಕಿ ಎರಡೂ ಮುಚ್ಚಿದ ಕೋಣೆ. ಏನು ಒತ್ತಿದರೆ ಏನಾಯಿತು ಎಂದು ತಿಳಿಯುವುದಿಲ್ಲ. ಮೊಮ್ಮಗ ಶಾಲೆಯಿಂದ ಬರುವವರೆಗೆ ಎರಡು ಗಂಟೆ ಅವರು ಅದರ ಮುಂದೆ ಕುಳಿತಿದ್ದರು. ಸಂಜೆ ಫೋನಿನಲ್ಲಿ ಅವರ ದನಿ ನಡುಗುತ್ತಿತ್ತು. ಇದನ್ನೆಲ್ಲ ಬಿಟ್ಟುಬಿಡೋಣ ಎಂದರು.

ಕಾರಣ ಹೀಗಿತ್ತು. ಹೊಸ ಪೆಟ್ಟಿಗೆ ಸಿಕ್ಕಿದ ಕೂಡಲೇ ವಿಂಡೋಸ್ ಎಲ್ಲ ಸದ್ದನ್ನೂ ಅದರ ಕಡೆಗೆ ತಿರುಗಿಸಿತ್ತು, ಎನ್‌ವಿಡಿಎಯ ಮಾತನ್ನೂ ಸೇರಿಸಿ. ರೀಪರ್ ಆಸಿಯೊ ಎಂಬ ಧ್ವನಿ ಡ್ರೈವರ್ ಮೂಲಕ ಅದೇ ಪೆಟ್ಟಿಗೆಯನ್ನು ತನ್ನ ವಶಕ್ಕೆ ತೆಗೆದುಕೊಂಡಾಗ ಬೇರೆಯವರಿಗೆ ಜಾಗ ಉಳಿಯಲಿಲ್ಲ. ಮರುದಿನ ಫೋನಿನಲ್ಲೇ ಸರಿಮಾಡಿದೆವು: ಎನ್‌ವಿಡಿಎಯ ಮಾತನ್ನು ಲ್ಯಾಪ್‌ಟಾಪಿನ ಒಳಗಿನ ಸೌಂಡ್ ಕಾರ್ಡಿಗೆ ಕಟ್ಟಿಹಾಕಿ, ಪೆಟ್ಟಿಗೆಯನ್ನು ರೀಪರ್‌ಗೆ ಮಾತ್ರ ಬಿಟ್ಟೆವು. ಮಾತು ನಿಂತರೆ ಕಂಟ್ರೋಲ್, ಆಲ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ ಎನ್‌ವಿಡಿಎಯನ್ನು ಮತ್ತೆ ಎಬ್ಬಿಸುವುದನ್ನು ಹತ್ತು ಸಲ ಅಭ್ಯಾಸ ಮಾಡಿಸಿದೆ. ನಾನು ಇದನ್ನು ಪೆಟ್ಟಿಗೆ ತರಿಸುವ ಮೊದಲೇ ಕಲಿಸಬೇಕಾಗಿತ್ತು. ಯಾರೇ ಅಂಧ ವಿದ್ಯಾರ್ಥಿಗೆ ಧ್ವನಿಮುದ್ರಣ ಕಲಿಸುವವರು ಮೊದಲ ಪಾಠವಾಗಿ ಇದನ್ನೇ ಇಟ್ಟುಕೊಳ್ಳಬೇಕು ಎಂದು ಕೈಮುಗಿದು ಕೇಳುತ್ತೇನೆ.

ಸದ್ದು ಎರಡು ದಾರಿಯಾದದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ಅದಕ್ಕೂ ಮುಂಚೆ, ಲ್ಯಾಪ್‌ಟಾಪಿನ ಮೈಕಿನಲ್ಲೇ ಹಾಡುತ್ತಿದ್ದಾಗ, ಒಂದು ಒಳ್ಳೆಯ ಪದದ ನಡುವೆ ಎನ್‌ವಿಡಿಎಯ ಲೋಹದ ದನಿ ತಾನೂ ಮುದ್ರಿತವಾಗಿ ಕೂತಿತ್ತು. ಈಗ ಮಾಸ್ತರರು ಎಡಗಿವಿಯೊಳಗೆ ಎನ್‌ವಿಡಿಎಗಾಗಿ ಒಂದು ಸಣ್ಣ ಇಯರ್‌ಫೋನ್ ಇಟ್ಟು, ಅದರ ಮೇಲೆ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಹಾಡು ಶುರುವಾದ ಮೇಲೆ ಎನ್‌ವಿಡಿಎ ಕೀಲಿಯೊಂದಿಗೆ ಎಸ್ ಒತ್ತುತ್ತ ಹೋಗಿ ಮಾತನ್ನು ನಿಲ್ಲಿಸುತ್ತಾರೆ, ಮುಗಿದ ಮೇಲೆ ಹಾಗೆಯೇ ಮರಳಿ ತರುತ್ತಾರೆ.

ಪೆಟ್ಟಿಗೆಯ ಇನ್ನೊಂದು ತೊಡಕು ಬಣ್ಣದ್ದು. ಮೈಕಿನ ದನಿ ಏರಿಸಿ ಇಳಿಸುವ ಗೇನ್ ಗುಂಡಿಯ ಸುತ್ತ ಒಂದು ಬೆಳಕಿನ ಉಂಗುರವಿದೆಯಂತೆ. ಮಟ್ಟ ಸರಿಯಿದ್ದರೆ ಹಸಿರು, ದನಿ ಸೀಳಿದರೆ ಕೆಂಪು. ಮೊಮ್ಮಗ ಹೇಳಿದ್ದರಿಂದ ಇದು ತಿಳಿಯಿತು. ನಮಗೆ ಉಪಯೋಗಕ್ಕೆ ಬಂದದ್ದು ಒಸಾರದ ಪೀಕ್ ವಾಚರ್. ದನಿಯ ಮಟ್ಟ ಎಷ್ಟು ಡೆಸಿಬಲ್ ಇದೆ ಎಂದು ಅದು ಹೇಳುತ್ತದೆ, ನಾವು ಹಾಕಿದ ಗೆರೆ ದಾಟಿದರೆ ತಾನಾಗಿ ಎಚ್ಚರಿಸುತ್ತದೆ. ಡಿಜಿಟಲ್ ಮುದ್ರಣದಲ್ಲಿ ಸೊನ್ನೆಯೇ ಮಾಳಿಗೆ, ಅದಕ್ಕೆ ತಲೆ ತಾಗಿದರೆ ದನಿ ಒಡೆಯುತ್ತದೆ. ಸಾಧಾರಣ ಹಾಡುಗಾರಿಕೆ ಮೈನಸ್ 18ರಿಂದ ಮೈನಸ್ 12ರ ಸುತ್ತ ಇರುವಂತೆ ಗುಂಡಿ ತಿರುಗಿಸಿ, ಆ ಜಾಗದಲ್ಲಿ ಮೊಮ್ಮಗನಿಂದ ಒಂದು ಹನಿ ಫೆವಿಕಾಲ್ ಹಾಕಿಸಿ ಒಣಗಿಸಿದೆವು. ಅದು ಬೆರಳಿಗೆ ಸಿಗುವ ಚುಕ್ಕೆ.

ಗುಂಯ್‌ಗುಡುವ ಸ್ವರ

ಬನಹಟ್ಟಿಯಲ್ಲಿ ಹಗಲು ಹೊತ್ತು ಮುದ್ರಣ ಸಾಧ್ಯವಿಲ್ಲ. ಮಗ್ಗಗಳ ಲಯ ಗೋಡೆ ತೂರಿ ಬಂದು ತಬಲಾದ ಲಯಕ್ಕೆ ಅಡ್ಡ ಬೀಳುತ್ತದೆ. ಕರೆಂಟು ಹೋದಾಗ ಮಾತ್ರ ಓಣಿಗೆ ಓಣಿಯೇ ಒಮ್ಮೆಲೇ ಸ್ತಬ್ಧ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಪೆಟ್ಟಿಗೆ ಅದರಿಂದಲೇ ಉಣ್ಣುತ್ತದೆ. ಹೀಗೆ ಕರೆಂಟು ಹೋಗುವುದೇ ಅವರ ಮುದ್ರಣದ ಮುಹೂರ್ತವಾಯಿತು. ಬೇಸಿಗೆಯಲ್ಲಿ ಫ್ಯಾನ್ ನಿಂತ ಕೋಣೆಯಲ್ಲಿ ಬೆವರು ಸುರಿಸುತ್ತ ಹಾಡಿದ್ದಾರೆ.

ಕರೆಂಟು ಇದ್ದಾಗ ಮುದ್ರಿಸಿದ್ದರಲ್ಲಿ ಒಂದು ಸಣ್ಣ ಗುಂಯ್ ಸದ್ದು ಇರುತ್ತಿತ್ತು. ಮಾಸ್ತರರು ಅದನ್ನು ಸ್ವರವಾಗಿ ಗುರುತಿಸಿದರು: "ಬಿಳಿ ಐದಕ್ಕಿಂತ ಒಂದು ಕೂದಲು ಮೇಲಿದೆ." ಅವರ ಮಾತು ಲೆಕ್ಕಕ್ಕೂ ಸರಿಹೋಗುತ್ತದೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಮಿಡಿಯುತ್ತದೆ. ಬಿಳಿ ಐದರ ಅತಿ ಮಂದ್ರದ ಕಂಪನ ಸುಮಾರು 49. ಚಾರ್ಜರ್ ಕಿತ್ತರೆ ಗುಂಯ್ ಮಾಯ. ಅದರ ಪ್ಲಗ್ಗಿನಲ್ಲಿ ಅರ್ತಿಂಗ್ ಪಿನ್ನೇ ಇರಲಿಲ್ಲ. ಹಳೆಯ ಮುದ್ರಣಗಳಲ್ಲಿ ಉಳಿದಿದ್ದನ್ನು ರೀಪರ್ ಜೊತೆಗೇ ಬರುವ, ಬೇಕಾದ ಕಂಪನವನ್ನಷ್ಟೇ ಏರಿಸಿ ಇಳಿಸುವ ರಿಯಾ ಇಕ್ಯೂನಲ್ಲಿ 50 ಮತ್ತು 100ರ ಸುತ್ತ ಇಳಿಸಿದರು. ಅದರ ಪ್ರತಿ ಅಂಕಿಯನ್ನೂ ಒಸಾರ ಪಟ್ಟಿಯಾಗಿ ಓದುವುದರಿಂದ ಗ್ರಾಫ್ ನೋಡುವ ಅಗತ್ಯ ಬೀಳಲಿಲ್ಲ.

ತಾಳಕ್ಕೆ ಸಿಗದ ಪದಗಳು

ಆವರ್ತನದ ಲೆಕ್ಕ ಎಲ್ಲದಕ್ಕೂ ಒದಗಲಿಲ್ಲ ಎಂಬುದನ್ನೂ ಹೇಳಬೇಕು. ಭಜನೆ ನಿಧಾನವಾಗಿ ಹತ್ತಿ, ಕೊನೆಯ ನುಡಿಗೆ ಬರುವಾಗ ಏರಿರುತ್ತದೆ. ಕಂಪ್ಯೂಟರಿನ ಮೆಟ್ರೊನೋಮ್‌ಗೆ ಆ ಏರು ಗೊತ್ತಿಲ್ಲ. ಎರಡು ಪದಗಳನ್ನು ಅದರ ಟಿಕ್ ಟಿಕ್‌ಗೆ ಹಾಡಿದರು. ಕೇಳಿದ ತಬಲಾ ಜೊತೆಗಾರರಾದ ಪಕ್ಕದ ಓಣಿಯ ನೇಕಾರರೊಬ್ಬರು ಇದರಲ್ಲಿ ಜೀವವಿಲ್ಲ ಎಂದರು. ಮಾಸ್ತರರು ಎರಡನ್ನೂ ಅಳಿಸಿದರು. ನಂತರ ಇಬ್ಬರೂ ಕೂಡಿ ತಮ್ಮ ಲಯದಲ್ಲೇ ನುಡಿಸಿ, ಆಮೇಲೆ ಕೇಳುತ್ತ ಪ್ರತಿ ನುಡಿಯ ಸಮಕ್ಕೆ ಎಂ ಕೀಲಿ ಒತ್ತಿ ಗುರುತು ಹಾಕಿದರು. ಕಂಪ್ಯೂಟರಿನ ಬಾರ್ ಬದಲು ಈ ಗುರುತುಗಳಿಂದ ಗುರುತಿಗೆ ಹಾರುತ್ತಾರೆ.

ಒಂದು ತೊಡಕು ಈಗಲೂ ಇದೆ. ಎಡ ಬಲ ಬಾಣ ಒತ್ತಿದರೆ ಎಷ್ಟು ದೂರ ಸರಿಯಬೇಕು ಎಂಬುದನ್ನು ರೀಪರ್ ಪರದೆಯ ಚುಕ್ಕೆಗಳಲ್ಲಿ ಅಳೆಯುತ್ತದೆ. ಅಂದರೆ ಪರದೆಯ ಚಿತ್ರ ಹಿಗ್ಗಿದ್ದರೆ ಒಂದು ಒತ್ತಿಗೆ ಸ್ವಲ್ಪ ಕಾಲ, ಕುಗ್ಗಿದ್ದರೆ ಬಹಳ ಕಾಲ. ಪರದೆಯನ್ನೇ ನೋಡದವರೂ ಜೂಮ್ ಎಂಬುದನ್ನು ಅರಿಯಬೇಕು. ನಾನು ಅದನ್ನು ಹಾರ್ಮೋನಿಯಂ ಭಾತೆಗೆ ಹೋಲಿಸಿ ಹೇಳಿದೆ, ಎಷ್ಟು ತೆರೆದರೆ ಅಷ್ಟು ಗಾಳಿ ಎಂದು. ಹೋಲಿಕೆ ಅವರಿಗೆ ಒಪ್ಪಿಗೆಯಾಗಲಿಲ್ಲ, ನನಗೂ ಅದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ. ಉಸಿರಿನ ಜಾಗದಲ್ಲಿ ಕತ್ತರಿಸುವಂಥ ಸೂಕ್ಷ್ಮ ಕೆಲಸದಲ್ಲಿ ಅವರು ಒತ್ತಿ, ಕೇಳಿ, ಹಿಂದೆ ಬಂದು, ಮತ್ತೆ ಒತ್ತಿ ಮಾಡುತ್ತಾರೆ. ಸಮಯ ಹಿಡಿಯುತ್ತದೆ. ಆದರೆ ಜೋಡಿಸಿದ ಮೇಲೆ ಜೋಡು ಎಲ್ಲಿದೆ ಎಂದು ನಾನು ಒಮ್ಮೆಯೂ ಕಂಡುಹಿಡಿಯಲು ಆಗಿಲ್ಲ.

ಇಂಗ್ಲಿಷ್ ಮೆನುಗಳ ವಿಷಯ ಬೇಗ ಬಗೆಹರಿಯಿತು. ಬೇಕಾಗುವ ಅರವತ್ತು ಪದಗಳನ್ನು ಕನ್ನಡ ಅರ್ಥದೊಂದಿಗೆ ಬ್ರೈಲ್‌ನಲ್ಲಿ ಬರೆದುಕೊಟ್ಟೆ. ಎನ್‌ವಿಡಿಎಗೆ ದನಿ ಕೊಡುವ ಇ-ಸ್ಪೀಕ್‌ನ ವೇಗವನ್ನು ಬಹಳ ಇಳಿಸಿದೆವು. ದಸರೆಯ ಹೊತ್ತಿಗೆ ಅವರೇ ಅದನ್ನು ದುಪ್ಪಟ್ಟು ಏರಿಸಿದ್ದರು.

ಶ್ರಾವಣ ಮುಗಿಯುವುದರೊಳಗೆ ಮಾಸ್ತರರ ಎಂಟು ಪದಗಳು ಸಿದ್ಧವಾದವು. ತಾಯಿಯ ಸರದಿ ಬಂದದ್ದು ಭಾದ್ರಪದದಲ್ಲಿ. ಆ ಭಾನುವಾರ ನಾನು ಅಲ್ಲೇ ಇದ್ದೆ. ಮಧ್ಯಾಹ್ನ ಎರಡರ ಸುಮಾರಿಗೆ ಕರೆಂಟು ಹೋಯಿತು, ಮಗ್ಗಗಳು ನಿಂತವು. ಮಾಸ್ತರರು ತಾಯಿಯನ್ನು ಕೈಹಿಡಿದು ತಂದು ಮೈಕಿನ ಮುಂದೆ ಕೂರಿಸಿ, ಅವರ ಗಲ್ಲದಿಂದ ಮೈಕಿಗೆ ಒಂದು ಗೇಣು ಅಳೆದು ಇಟ್ಟರು. ಹಾರ್ಮೋನಿಯಂ ಬೇಡ ಎಂದರು ತಾಯಿ. ಬರೀ ಗಂಟಲು. ಎರಡನೆಯ ನುಡಿಯಲ್ಲಿ ಒಂದು ಸಾಲು ನೆನಪಾಗದೆ ನಿಂತರು. ಅವರ ಬಳೆ ಸದ್ದು ಮಾಡಿತು, ಬೆರಳು ತೊಡೆಯ ಮೇಲೆ ಕಂಡಿಕೆ ಸುತ್ತುವ ಹಾಗೆ ಉಜ್ಜಿತು. ನಂತರ ಸಾಲು ಬಂತು.

ಸಂಜೆ ಕುಳಿತು ಕೇಳಿದೆವು. ಮಾಸ್ತರರು ಆ ನಿಲುಗಡೆಯ ಮೊದಲಿಗೆ ಒಂದು ಗುರುತು, ಕೊನೆಗೆ ಒಂದು ಗುರುತು ಹಾಕಿದರು. ಒಂಬತ್ತು ಸೆಕೆಂಡು. ಕತ್ತರಿಸುವುದು ಈಗ ಅವರಿಗೆ ಎರಡು ಒತ್ತಿನ ಕೆಲಸ. ಮೂರು ಸಲ ಕೇಳಿ, ಎರಡೂ ಗುರುತುಗಳನ್ನು ತೆಗೆದುಹಾಕಿ, ಕಂಟ್ರೋಲ್ ಜೊತೆ ಎಸ್ ಒತ್ತಿ ಹಾಗೆಯೇ ಉಳಿಸಿದರು.